ನನ್ನ ಎಡಗಡೆಯ ಮೂರು ಪಕ್ಕೆಲುಬುಗಳ ಗುಟ್ಟನ್ನು ರಟ್ಟು ಮಾಡಿದ ಗಾಮಾ ಕ್ಯಾಮೆರಾ ಅವರಿಗೆ

ಮಾನ್ಯ ಗಾಮಾ ಕ್ಯಾಮೆರಾ ಅವರೇ,

ಆಸ್ಪತ್ರೆಯ ನೆಲಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ, ಹಗಲೆಲ್ಲ ತಣ್ಣನೆಯ ಗಾಳಿ ಸೇವಿಸುತ್ತ, ಬಂದವರೆಲ್ಲರ ಒಳಗನ್ನು ನೋಡಿಯೂ ಯಾರ ಮುಖವನ್ನೂ ನೋಡದೆ ಲೋಕಸೇವೆ ನಡೆಸುತ್ತಿರುವ ತಮ್ಮ ಘನ ಸನ್ನಿಧಿಗೆ, ಟಾಸ್ಮೇನಿಯಾದ ಉತ್ತರ ಕರಾವಳಿಯ ಪೆಂಗ್ವಿನ್ ಎಂಬ ಊರಿನ ಕಾಯಂ ನಿವಾಸಿಯೂ, ಮರದ ಮಿಲ್ಲಿನಲ್ಲಿ ನಲವತ್ತೊಂದು ವರ್ಷ ಗರಗಸಗಳ ಹಲ್ಲು ಹರಿತ ಮಾಡಿ ನಿವೃತ್ತನಾದವನೂ, ಈಗ ಎಪ್ಪತ್ತಮೂರು ವರ್ಷದವನೂ ಆದ ನೆವಿಲ್ ಬ್ರಾಮಿಚ್ ಮಾಡುವ ವಿನಯಪೂರ್ವಕ ವಂದನೆಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನು ಕ್ಷೇಮವೋ ಅಲ್ಲವೋ ಎಂಬುದು ನನಗಿಂತ ಮೊದಲು ತಮಗೇ ತಿಳಿದದ್ದರಿಂದ ಆ ವಿಷಯವನ್ನು ತಮಗೆ ಬರೆಯುವುದು ಅಧಿಕಪ್ರಸಂಗವಾದೀತು.

ಈ ಪತ್ರವನ್ನು ಲಕೋಟೆಯಲ್ಲಿ ಹಾಕಿ ತಮಗೊಬ್ಬರಿಗೇ ಕಳಿಸಬಹುದಿತ್ತು. ಆದರೆ ಮನೆಯೊಳಗೆ ಹೇಳಿದ ಸುಳ್ಳಿಗೆ ಊರೆದುರು ತಪ್ಪೊಪ್ಪಿಗೆ ಆಗಬೇಕೆಂದು ನನ್ನ ಹೆಂಡತಿ ಡಲ್ಸಿ ತೀರ್ಪು ಕೊಟ್ಟಿರುವುದರಿಂದ, ನಮ್ಮ ಊರಿನ ವಾರಪತ್ರಿಕೆಯವರನ್ನು ಬೇಡಿಕೊಂಡು, ಅವರು ಹಳೆಯ ಟ್ರ್ಯಾಕ್ಟರ್ ಮಾರಾಟದ ಜಾಹೀರಾತಿನ ಪಕ್ಕದಲ್ಲಿ ದಯಪಾಲಿಸಿದ ಜಾಗದಲ್ಲಿ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಪ್ಪೊಪ್ಪಿಗೆ ಬರೆ ಎಂದಳೇ ಹೊರತು ದೂರು ಬರೆಯಬೇಡ ಎಂದು ಡಲ್ಸಿ ಹೇಳಲಿಲ್ಲ. ಆ ಸಂದಿಯಲ್ಲಿ ನುಸುಳಿದ್ದೇನೆ.

ಐದು ವರ್ಷಗಳ ಹಿಂದೆ ನನ್ನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತ್ತೆಂಬುದೂ, ಏಳು ವಾರ ವಿಕಿರಣ ಚಿಕಿತ್ಸೆ ಆಯಿತೆಂಬುದೂ ತಮ್ಮ ಕಡತದಲ್ಲಿರುತ್ತದೆ. ಆ ಏಳು ವಾರವೂ ಡಲ್ಸಿ ದಿನಾ ಬೆಳಿಗ್ಗೆ ಕಾರು ಓಡಿಸಿಕೊಂಡು ನನ್ನನ್ನು ಕರೆತಂದಳೆಂಬುದು ಕಡತದಲ್ಲಿ ಇರಲಾರದು. ಕೊನೆಯ ದಿನ ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಬೀಗದ ಕೈ ಹಿಡಿದುಕೊಂಡು, ಕಾರಿನ ಬಾಗಿಲು ತೆಗೆಯದೆ ಅವಳು ನಿಂತುಬಿಟ್ಟಳು. "ನೆವ್, ಕ್ಯಾನ್ಸರಿನ ಕೈಯಿಂದ ನಿನ್ನನ್ನ ಕಿತ್ಕೊಂಡು ಬಂದಿದೀನಿ. ಮರದಿಂದ ಬಿದ್ದು ಸಾಯ್ಲಿ ಅಂತಲ್ಲ. ಇನ್ಮೇಲೆ ಹಲಗೆ ಹತ್ತಲ್ಲ ಅಂತ ಮಾತು ಕೊಡು. ಕೊಟ್ರೆ ಬಾಗಿಲು ತೆಗೀತೀನಿ," ಎಂದಳು. ಮಳೆ ಬೇರೆ ಶುರುವಾಗಿತ್ತು. ಕೊಟ್ಟೆ.

ಹಲಗೆ ಹತ್ತುವುದೆಂದರೇನೆಂದು ನೆಲಮಹಡಿಯಲ್ಲೇ ಬಾಳಿದ ತಮಗೆ ತಿಳಿಯಲಿಕ್ಕಿಲ್ಲ. ನಮ್ಮ ಕಡೆಯ ಕೊಡಲಿ ಪಂದ್ಯಗಳಲ್ಲಿ ನೆಟ್ಟ ಕಾಂಡಕ್ಕೆ ಒಂದು ಕಚ್ಚು ಕಡಿದು, ಅದರಲ್ಲಿ ಹಲಗೆ ತೂರಿಸಿ, ಆ ಹಲಗೆಯ ಮೇಲೆ ನಿಂತು ಇನ್ನೊಂದು ಕಚ್ಚು ಕಡಿದು, ಹೀಗೆ ಎರಡಾಳೆತ್ತರಕ್ಕೆ ಏರಿ ತುದಿಯ ತುಂಡನ್ನು ಉರುಳಿಸಬೇಕು. ಪ್ರಾಯದಲ್ಲಿ ನಾನು ಅದರಲ್ಲಿ ನಾಲ್ಕು ಸಲ ಗೆದ್ದವನು. ಮಾತು ಕೊಟ್ಟ ಮೇಲೆ ನಾಲ್ಕೂವರೆ ವರ್ಷ ಮಾತಿಗೆ ತಪ್ಪಲಿಲ್ಲ. ಆಮೇಲೆ ಕೊಡಲಿ ಸಂಘದವರು ಬರುವ ಹೊಸ ವರ್ಷದ ದಿನ ಎಪ್ಪತ್ತು ದಾಟಿದವರಿಗೆಂದೇ ಒಂದು ಹಲಗೆ ಪಂದ್ಯ ಇಡುತ್ತಾರೆಂದು ಸುದ್ದಿ ಬಂತು. ಆ ವಯಸ್ಸಿನವರಲ್ಲಿ ಇನ್ನೂ ಕೊಡಲಿ ಎತ್ತಬಲ್ಲವರು ನನ್ನನ್ನೂ ಸೇರಿಸಿ ಮೂವರು. ಸ್ಪರ್ಧಿಸಿದರೆ ಮೂರನೆಯ ಸ್ಥಾನ ಖಾತ್ರಿ. ಇಂಥ ಅವಕಾಶವನ್ನು ಬಿಡುವಷ್ಟು ಕಲ್ಲುಮನಸ್ಸು ನನ್ನದಲ್ಲ.

ಹಾಗಾಗಿ ಮಂಗಳವಾರ ಮತ್ತು ಶುಕ್ರವಾರ ಮೀನಿಗೆ ಗಾಳ ಹಾಕಲು ಹೋಗುತ್ತೇನೆಂದು ಡಲ್ಸಿಗೆ ಹೇಳಿ, ಗಾಳವನ್ನೂ ಬುಟ್ಟಿಯನ್ನೂ ಕಾರಿನಲ್ಲಿಟ್ಟುಕೊಂಡು, ಮಿಲ್ಲಿನ ಹಳೆಯ ಗೆಳೆಯ ಮರ್ವ್‌ನ ಹಿತ್ತಲಿಗೆ ಹೋಗತೊಡಗಿದೆ. ಆಗಸ್ಟ್ ತಿಂಗಳ ಒಂದು ಶುಕ್ರವಾರ, ಎರಡನೆಯ ಹಲಗೆಯ ಮೇಲೆ ನಿಂತಿದ್ದಾಗ ಅದನ್ನು ಹಿಡಿದಿದ್ದ ಕಚ್ಚು ಬಿಟ್ಟುಕೊಂಡಿತು. ಕಡಿದು ಹಾಕಿದ್ದ ದಿಮ್ಮಿಯೊಂದರ ಮೇಲೆ ಎಡಮಗ್ಗುಲಾಗಿ ಬಿದ್ದೆ. ಮರ್ವ್ ಓಡಿಬಂದ.

"ಲೋ ನೆವ್, ಬದುಕಿದ್ದೀಯೇನೋ?"

"ಡಲ್ಸಿಗೆ ಹೇಳ್ಬೇಡ."

"ಬದುಕಿದ್ದೀಯಾ ಅಂತ ಕೇಳಿದ್ದು ಕಣೋ ನಾನು!"

"ಬದುಕಿದ್ದೀನಿ. ಡಲ್ಸಿಗೆ ಗೊತ್ತಾದ್ರೆ ಇರಲ್ಲ."

ಆ ದಿನ ದಾರಿಯಲ್ಲಿ ಅಂಗಡಿಯ ಮೀನು ಕೊಂಡುಕೊಂಡು ಮನೆಗೆ ಹೋದೆ. ಮುಂದಿನ ಆರು ವಾರ ನಾನು ತೋರಿದ ಜಾಣ್ಮೆಯನ್ನು ಮಿಲ್ಲಿನ ಕೆಲಸದಲ್ಲಿ ತೋರಿದ್ದರೆ ಮ್ಯಾನೇಜರ್ ಆಗಿರುತ್ತಿದ್ದೆ. ಸೀನು ಬಂದರೆ ಸ್ನಾನದ ಮನೆಗೆ ಓಡುತ್ತಿದ್ದೆ. ನಗು ಬರುವ ಟಿ.ವಿ. ಕಾರ್ಯಕ್ರಮ ಬಂದರೆ ಕೋಳಿಗಳಿಗೆ ಕಾಳು ಹಾಕಲು ಎದ್ದು ಹೋಗುತ್ತಿದ್ದೆ. ನಮ್ಮ ಕೋಳಿಗಳು ಆ ಆರು ವಾರ ಕಂಡಂಥ ಸುಭಿಕ್ಷವನ್ನು ಹಿಂದೆಂದೂ ಕಂಡಿರಲಿಲ್ಲ. ಎಡಮಗ್ಗುಲಲ್ಲಿ ಯಾಕೆ ಮಲಗುವುದಿಲ್ಲವೆಂದು ಡಲ್ಸಿ ಕೇಳಿದರೆ, ಬಲಮಗ್ಗುಲಾದರೆ ನಿನ್ನ ಮುಖ ಕಾಣುತ್ತದೆ ಎಂದೆ. ಅವಳು ನಂಬಲಿಲ್ಲ, ಆದರೆ ಸಂತೋಷಪಟ್ಟಳು.

ಅಷ್ಟರಲ್ಲಿ ನನ್ನ ವಾಡಿಕೆಯ ರಕ್ತಪರೀಕ್ಷೆಯಲ್ಲಿ ಒಂದು ಅಂಕಿ ಸ್ವಲ್ಪ ಮೇಲಕ್ಕೆ ಹೋಯಿತು. ಪ್ರಾಸ್ಟೇಟ್ ಕ್ಯಾನ್ಸರಿನವರು ಬೆಳಿಗ್ಗೆ ಎದ್ದು ಹವಾಮಾನ ನೋಡುವಂತೆ ನೋಡುವ ಅಂಕಿ ಅದು. ಮೂಳೆಗಳಿಗೆ ಏನಾದರೂ ಹರಡಿದೆಯೋ ನೋಡಿಬಿಡೋಣವೆಂದು ನಮ್ಮ ವೈದ್ಯರು ನನ್ನನ್ನು, ಮಾನ್ಯರೇ, ತಮ್ಮ ಪಾದದ ಬಳಿಗೆ ಕಳಿಸಿದರು. ತಮ್ಮ ಶಕ್ತಿಯ ಬಗ್ಗೆ ಆಗ ನನಗಿದ್ದ ಅರಿವು ಬಹಳ ಕಡಿಮೆ. ಕ್ಯಾನ್ಸರ್ ಹುಡುಕಲು ಹೊರಟವರು ಕ್ಯಾನ್ಸರನ್ನಷ್ಟೇ ಹುಡುಕುತ್ತೀರಿ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವ ಅಭ್ಯಾಸ ತಮಗಿಲ್ಲ ಎಂದು ನಂಬಿದ್ದೆ.

ತಮ್ಮ ಪರಿಚಾರಿಕೆ, ಟೋಂಗಾದಿಂದ ಬಂದ ತಂತ್ರಜ್ಞೆ ಸೇಲಾ, ಬಹಳ ಒಳ್ಳೆಯ ಹೆಣ್ಣುಮಗಳು. ಸೀಸದ ಡಬ್ಬಿಯಿಂದ ಸಿರಿಂಜನ್ನು ಹೊರತೆಗೆದು, ನನ್ನ ತೋಳಿನ ರಕ್ತನಾಳಕ್ಕೆ ಆ ವಿಕಿರಣದ ಮದ್ದನ್ನು ಚುಚ್ಚಿ, "ನೆವ್, ಇದು ಮೂಳೆಗೆ ಹೋಗಿ ಕೂತ್ಕೊಳ್ಳೋಕೆ ಮೂರು ಗಂಟೆ ಬೇಕು. ಚೆನ್ನಾಗಿ ನೀರು ಕುಡೀರಿ, ಆಗಾಗ ಬಾತ್‌ರೂಮಿಗೆ ಹೋಗಿ ಬನ್ನಿ. ನಾಳೆ ಹೊತ್ತಿಗೆಲ್ಲ ಮೈಯಿಂದ ಹೊರಟುಹೋಗಿರುತ್ತೆ," ಎಂದಳು. ಕತ್ತಲಲ್ಲಿ ಮಿನುಗುತ್ತೇನೆಯೇ ಎಂದು ಕೇಳಿದೆ. "ಎಲ್ಲರೂ ಅದನ್ನೇ ಕೇಳ್ತಾರೆ. ಒಬ್ಬರೂ ಮಿನುಗಿಲ್ಲ, ನಂಗೂ ಬೇಜಾರೇ," ಎಂದಳು.

ಆ ಮೂರು ಗಂಟೆಗಳನ್ನು ನಾವು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕಳೆದೆವು. ಮಾನ್ಯರೇ, ನನಗೆ ಮೊದಲ ಸಲ ಹೆದರಿಕೆಯಾದದ್ದು ತಮ್ಮನ್ನು ನೋಡಿ ಅಲ್ಲ, ಅಲ್ಲಿ ಡಲ್ಸಿಯನ್ನು ನೋಡಿ. ಮನೆಯಲ್ಲಿ ಬೆಣ್ಣೆಯ ಡಬ್ಬಿಯನ್ನು ನನ್ನ ಕಣ್ಣಿಗೆ ಬೀಳದಂತೆ ಅಕ್ಕಿಯ ಹಿಂದೆ ಅಡಗಿಸಿಡುವವಳು, ಆ ದಿನ ನನಗೆ ಚಿಪ್ಪುಮೀನಿನ ಮಸಾಲೆ ತುಂಬಿದ ಪೈ ಎಂಬ ಬಿಸಿ ಕಡುಬು ತಂದುಕೊಟ್ಟು, ಅದು ಮುಗಿಯುವುದರೊಳಗೆ ಇನ್ನೊಂದನ್ನು ತಂದಿಟ್ಟಳು. ಅಂಗಿಯ ಮೇಲೆ ಚೆಲ್ಲಿಕೊಂಡೆ, ಬೈಯಲಿಲ್ಲ. ಚಹಾ ಸುರ್ರೆಂದು ಹೀರಿದೆ, ಬೈಯಲಿಲ್ಲ. ಮದುವೆಯಾಗಿ ನಲವತ್ತೆಂಟು ವರ್ಷಗಳಲ್ಲಿ ಅಂಥ ಮೂರು ಗಂಟೆ ನಾನು ಕಂಡಿಲ್ಲ. ಕಾಣುವುದೂ ಬೇಡ.

ಆಮೇಲೆ ತಮ್ಮ ದರ್ಶನವಾಯಿತು. ಕಿರಿದಾದ ಹಲಗೆಯ ಮೇಲೆ ನನ್ನನ್ನು ಮಲಗಿಸಿ, ಕೈಗಳನ್ನು ಪಟ್ಟಿಯಿಂದ ಕಟ್ಟಿ, ತಮ್ಮ ಎರಡು ಅಗಲ ಮುಖಗಳನ್ನು ಒಂದನ್ನು ಮೇಲೂ ಒಂದನ್ನು ಕೆಳಗೂ ತಂದು ನಿಲ್ಲಿಸಿದಳು ಸೇಲಾ. ಮೂಗಿಗೂ ತಮಗೂ ನಡುವೆ ನಾಲ್ಕು ಬೆರಳು ಅಂತರ. ತಲೆಯಿಂದ ಕಾಲಿನವರೆಗೆ ತಾವು ಸರಿಯುವಷ್ಟು ಹೊತ್ತಿನಲ್ಲಿ ನಮ್ಮ ಊರಿನ ರಸ್ತೆ ರಿಪೇರಿ ಕೂಡ ಮುಗಿದಿರುತ್ತಿತ್ತು. ನೋವಿಲ್ಲ, ಸದ್ದಿಲ್ಲ, ಒಂದು ಬೆಳಕೂ ಇಲ್ಲ. ನನ್ನ ಮೈಯೇ ಕಣ್ಣಿಗೆ ಕಾಣದ ಬೆಳಕು ಬೀರುತ್ತದೆ, ತಾವು ಸುಮ್ಮನೆ ಹಿಡಿದುಕೊಳ್ಳುತ್ತೀರಿ ಎಂದು ಸೇಲಾ ವಿವರಿಸಿದಳು. ಅಂದರೆ ನನ್ನ ವಿರುದ್ಧ ಸಾಕ್ಷಿ ಹೇಳುವವನೂ ನಾನೇ ಎಂದಾಯಿತು. ಕಾಲಿನವರೆಗೆ ಮುಗಿದ ಮೇಲೆ ಸೇಲಾ ಪರದೆಯನ್ನು ನೋಡಿದಳು. ಅಲ್ಲಿಯವರೆಗೆ ತನ್ನ ಅಜ್ಜಿ ಬೆಳೆಯುವ ಗೆಣಸಿನ ಕಥೆ ಹೇಳುತ್ತಿದ್ದವಳು ನಡುವೆಯೇ ನಿಲ್ಲಿಸಿದಳು. "ಎಡಗಡೆ ಎದೆಯದ್ದು ಇನ್ನೆರಡು ಚಿತ್ರ ತಗೋತೀನಿ ನೆವ್. ಸ್ವಲ್ಪ ಹೊರಳಿಕೊಳ್ತೀರಾ?" ಎಂದಳು. ಗೆಣಸಿನ ಕಥೆ ಇಂದಿಗೂ ಪೂರ್ತಿಯಾಗಿಲ್ಲ.

ಪಕ್ಕದ ಚಿಕ್ಕ ಕೋಣೆಯಲ್ಲಿ ಡಲ್ಸಿಯನ್ನೂ ನನ್ನನ್ನೂ ಕೂರಿಸಿಕೊಂಡು ಮಾನ್ಯರಾದ ತಾವು ತೆಗೆದ ಚಿತ್ರವನ್ನು ವೈದ್ಯೆ ಡಾಕ್ಟರ್ ಎಲಿಯಾಡಿಸ್ ತೋರಿಸಿದರು. ಬೂದು ಬಣ್ಣದ ಅಸ್ಥಿಪಂಜರ, ಎಡಗಡೆ ಒಂದರ ಕೆಳಗೊಂದರಂತೆ ಮೂರು ಕಪ್ಪು ಚುಕ್ಕೆ. "ಮುರಿದು ಕೂಡ್ಕೊಳ್ತಾ ಇರೋ ಮೂಳೆಗೂ ಈ ಮದ್ದು ಜಾಸ್ತಿ ಹೋಗುತ್ತೆ, ಕ್ಯಾನ್ಸರ್ ಸೇರಿರೋ ಮೂಳೆಗೂ ಹೋಗುತ್ತೆ. ಕ್ಯಾಮೆರಾಗೆ ಎರಡೂ ಚುಕ್ಕೇನೇ. ಹೀಗೆ ಸಾಲಾಗಿದ್ರೆ ಸಾಮಾನ್ಯವಾಗಿ ಪೆಟ್ಟು. ಇತ್ತೀಚೆಗೆ ಎಲ್ಲಾದ್ರೂ ಬಿದ್ದಿದ್ರಾ?" ಎಂದು ಕೇಳಿದರು.

ಡಲ್ಸಿ ನನ್ನ ಮುಖ ನೋಡಿದಳು.

"ಇಲ್ಲ," ಎಂದೆ.

"ಕಾರಿನ ಬಾಗಿಲು ತಾಗಿದ್ದು? ಏಣಿ? ಜೋರಾಗಿ ಕೆಮ್ಮಿದ್ದು?"

"ಇಲ್ಲ."

"ಚೆನ್ನಾಗಿ ಯೋಚ್ನೆ ಮಾಡಿ ನೆವಿಲ್. ನಿಮ್ಮ ಉತ್ತರದ ಮೇಲೇನೇ ಎಲ್ಲಾ ನಿಂತಿದೆ."

ಬಾಯಿ ತೆರೆದೆ. ಡಲ್ಸಿ ನನ್ನ ಕೈ ಹಿಡಿದುಕೊಂಡಳು. ಹಿಡಿದ ಕೈಯಿಂದ ಸುಳ್ಳನ್ನು ಹೊರಗೆಳೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ಮೂರನೆಯ ಸಲವೂ ಇಲ್ಲವೆಂದೆ. ಡಾಕ್ಟರ್ ಪೆನ್ನು ಕೆಳಗಿಟ್ಟರು. ಹಾಗಾದರೆ ರಕ್ತದ ಅಂಕಿಯೂ ಏರಿರುವುದರಿಂದ ಇದನ್ನು ಹಗುರವಾಗಿ ಬಿಡುವಂತಿಲ್ಲ, ಸಿ.ಟಿ. ಸ್ಕ್ಯಾನ್ ಆಗಬೇಕು, ಅದರಲ್ಲೂ ಸ್ಪಷ್ಟವಾಗದಿದ್ದರೆ ಸೂಜಿ ಹಾಕಿ ಮೂಳೆಯ ಚೂರು ತೆಗೆದು ನೋಡಬೇಕು ಎಂದರು.

ಮನೆಗೆ ಹಿಂದಿರುಗುವಾಗ ಎಡಕ್ಕೆ ಸಮುದ್ರ, ಬಲಕ್ಕೆ ಈರುಳ್ಳಿಯ ಹೊಲ, ನಡುವೆ ನಾವಿಬ್ಬರು. ಮನಸ್ಸಿನಲ್ಲಿ ನಾನು ತಮ್ಮೊಂದಿಗೆ ಬಿರುಸಾಗಿ ಜಗಳವಾಡುತ್ತಿದ್ದೆ. ಆರು ವಾರ ಒಂದೇ ಹಾಸಿಗೆಯಲ್ಲಿ ಮಲಗಿದ ಹೆಂಡತಿಗೆ ತಿಳಿಯದ್ದನ್ನು ಅರ್ಧ ಗಂಟೆಯ ಪರಿಚಯದಲ್ಲಿ ಬಯಲಿಗೆಳೆಯುವುದು ಯಾವ ಸೀಮೆಯ ಸಜ್ಜನಿಕೆ? ಬಯಲಿಗೆಳೆದಿರಿ, ಆಯಿತು. ಪೂರ್ತಿಯನ್ನಾದರೂ ಎಳೆಯಬಾರದಿತ್ತೇ? ಚುಕ್ಕೆ ಇಟ್ಟಿರಿ. ಚುಕ್ಕೆಯ ಪಕ್ಕದಲ್ಲಿ, ಇವನು ಮರ್ವ್‌ನ ಹಿತ್ತಲಲ್ಲಿ ಬಿದ್ದ ಮುಠ್ಠಾಳ ಎಂದು ಒಂದು ಸಾಲು ಬರೆದಿದ್ದರೆ ಹೆಂಗಸು ಅಷ್ಟು ದೂರ ಹಾಗೆ ಸುಮ್ಮನೆ ಕಾರು ಓಡಿಸಬೇಕಾಗುತ್ತಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಡಲ್ಸಿ ನನ್ನನ್ನು ಬಟ್ಟೆ ಒಗೆಯುವ ಕೋಣೆಗೆ ಕರೆದಳು. ನಮ್ಮ ಬಿಸಿನೀರಿನ ಬಾಯ್ಲರಿನ ಸ್ವಿಚ್ಚು ಮಳೆ ಬಂದಾಗಲೆಲ್ಲ ತಾನಾಗಿ ಆಫ್ ಆಗುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ಸ್ವಲ್ಪ ಹೊತ್ತು ಹಿಡಿದು, ಆಮೇಲೆ ಮೇಲೆತ್ತಬೇಕು. ಆ ವಿದ್ಯೆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತು.

"ಇದನ್ನ ಹೇಗೆ ಮಾಡ್ತೀಯ, ತೋರ್ಸು," ಎಂದಳು. ಕೈಯಲ್ಲಿ ಪೆನ್ನು, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿ.

"ನಾನೇ ಮಾಡ್ತೀನಲ್ಲ. ನಿಂಗ್ಯಾಕೆ?"

"ಬರ್ಕೋತೀನಿ. ಆಮೇಲೆ ಬೇಕಾಗುತ್ತೆ."

ಹಾಳೆಯನ್ನು ಇಣುಕಿ ನೋಡಿದೆ. ಅವಳ ದುಂಡು ಅಕ್ಷರದಲ್ಲಿ ಮೇಲಿನಿಂದ ಕೆಳಗೆ ಪಟ್ಟಿ ಇತ್ತು. ಒಲೆಯ ಹೊಗೆಕೊಳವೆ ಗುಡಿಸುವುದು. ಹುಲ್ಲು ಕತ್ತರಿಸುವ ಯಂತ್ರ ಶುರು ಮಾಡುವುದು. ಬಿಸಿನೀರಿನ ಸ್ವಿಚ್ಚು. ಕೋಳಿ ಕೊಯ್ಯುವುದು ಎಂದು ಬರೆದು, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ನಾನಿಲ್ಲದ ಮನೆಯನ್ನು ಅವಳು ಅಳದೆ, ಯಾರಿಗೂ ಫೋನ್ ಮಾಡದೆ, ಒಂದೊಂದೇ ಕೆಲಸವಾಗಿ ಕಲಿಯಲು ಹೊರಟಿದ್ದಳು.

"ಡಲ್ಸಿ, ನಾನು ಬಿದ್ದೆ," ಎಂದೆ.

"ಎಲ್ಲಿ?"

"ಮರ್ವ್ ಮನೇಲಿ. ಹಲಗೆಯಿಂದ. ಆಗಸ್ಟಲ್ಲಿ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟಳು. ಒಗೆಯಲು ಬಿದ್ದಿದ್ದ ಒದ್ದೆ ಟವೆಲನ್ನು ಕೈಗೆತ್ತಿಕೊಂಡಳು.

"ಯಾವ ಕಡೆ ಮುರಿದಿರೋದು?"

"ಎಡಗಡೆ."

ಬಲಗಡೆಗೆ ಬಾರಿಸಿದಳು. ನಾಲ್ಕು ಏಟು. ಐದನೆಯದಕ್ಕೆ ಟವೆಲು ಎತ್ತಿದವಳು ಅದನ್ನೇ ಮುಖಕ್ಕೆ ಒತ್ತಿಕೊಂಡು ಬಾಯ್ಲರಿಗೆ ಒರಗಿ ಬಿಕ್ಕಿಬಿಕ್ಕಿ ಅತ್ತಳು. "ಮೂರು ಸಲ ಕೇಳಿದ್ರಲ್ಲೋ ಡಾಕ್ಟ್ರು. ಮೂರು ಸಲ! ನಾನು ನಿನ್ನ ಕೈ ಹಿಡ್ಕೊಂಡಿದ್ನಲ್ಲೋ," ಎಂದಳು.

ಅತ್ತು ಮುಗಿದ ಮೇಲೆ ಆಸ್ಪತ್ರೆಗೆ ಫೋನ್ ಹಚ್ಚಿದಳು. ಡಾಕ್ಟರ್ ಎಲಿಯಾಡಿಸ್ ಸಿಕ್ಕಿದರು. "ಡಾಕ್ಟ್ರೇ, ನನ್ನ ಗಂಡನಿಗೆ ಕ್ಯಾನ್ಸರ್ ಇಲ್ಲ, ಬರೀ ಸುಳ್ಳುಬುರುಕ," ಎಂದಳು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: "ಎರಡನೇದು ನಂಗೆ ನಿನ್ನೇನೇ ಅನುಮಾನ ಬಂದಿತ್ತು. ಮೊದಲನೇದಕ್ಕೆ ಮಾತ್ರ ಸಿ.ಟಿ. ಆಗ್ಲೇಬೇಕು."

ಸಿ.ಟಿ.ಯವರೆಗಿನ ಐದು ದಿನ ಹೇಗೆ ಕಳೆದವೆಂದು ತಮಗೆ ಹೇಳಿಯೇ ತೀರಬೇಕು. ನಿಜ ಹೇಳಿಬಿಟ್ಟೆ, ಇನ್ನೇನು ಎಂದುಕೊಂಡಿದ್ದೆ. ಆದರೆ ನಾನು ಬಿದ್ದದ್ದು ನಿಜವೆಂದ ಮಾತ್ರಕ್ಕೆ ರೋಗ ಹರಡಿಲ್ಲವೆಂಬುದೂ ನಿಜವಾಗಬೇಕಿಲ್ಲವಲ್ಲ. ಎರಡೂ ಒಟ್ಟಿಗೇ ಇರಬಹುದು. ಈ ವಿಚಾರ ನನಗೆ ಹೊಳೆದದ್ದು ಬ್ರೆಡ್ಡಿಗೆ ಬೆಣ್ಣೆ ಹಚ್ಚುವಾಗ. ಚಾಕು ಕೆಳಗಿಟ್ಟು ಡಲ್ಸಿಯ ಕಡೆ ನೋಡಿದೆ. ಅವಳಿಗೆ ಅದು ಮೊದಲೇ ಹೊಳೆದಿತ್ತು. ಬೆಣ್ಣೆ ಜಾಸ್ತಿಯಾಯಿತೆಂದು ಬೈದಳು, ನನಗೆ ತುಸು ಧೈರ್ಯ ಬಂತು.

ಸಿ.ಟಿ.ಯಲ್ಲಿ ಮೂರು ಎಲುಬುಗಳೂ ಬಿರುಕು ಬಿಟ್ಟು, ಹೊಸ ಮೂಳೆ ಸುತ್ತಿಕೊಂಡು, ಚೆನ್ನಾಗಿ ಕೂಡುತ್ತಿರುವುದು ಸ್ಪಷ್ಟವಾಗಿ ಕಂಡಿತು. ಮೂಳೆಗಳಲ್ಲಿ ಎಲ್ಲಿಯೂ ಕ್ಯಾನ್ಸರಿನ ಗುರುತಿಲ್ಲ ಎಂದರು. ರಕ್ತದ ಅಂಕಿಯನ್ನು ಮಾತ್ರ ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕಂತೆ. ನೋಡೋಣ.

ಈಗ ತಮ್ಮಲ್ಲಿ ನನ್ನ ಬೇಡಿಕೆಗಳು. ತಮ್ಮ ನಿಷ್ಪಕ್ಷಪಾತದ ಬಗ್ಗೆ ನನಗೆ ಅಪಾರ ಗೌರವವಿದೆ. ತಮ್ಮಂಥ ಒಬ್ಬರು ನಮ್ಮ ಊರಿನ ಮೀನಿನ ಸ್ಪರ್ಧೆಗೆ ತೀರ್ಪುಗಾರರಾಗಿದ್ದರೆ ಎಷ್ಟೋ ಮೀನುಗಳು ಅರ್ಧಕ್ಕರ್ಧ ಗಿಡ್ಡವಾಗುತ್ತಿದ್ದವು. ಆದರೂ ವಿವಾಹಿತ ಗಂಡಸರು ತಮ್ಮೆದುರು ಮಲಗಿದಾಗ ಕಂಡದ್ದನ್ನು ಕಂಡಷ್ಟು ಹೇಳದೆ, ಮೊದಲು ಒಂದು ಗಂಟೆ ಬಾರಿಸಿ, ಹೆಂಡತಿಯರನ್ನು ಕ್ಯಾಂಟೀನಿಗೆ ಕಳಿಸಿ, ಗಂಡನಿಗೆ ಗಂಟಲು ಸರಿಪಡಿಸಿಕೊಳ್ಳಲು ಅವಕಾಶ ಕೊಡುವ ಒಂದು ಪುಟ್ಟ ವ್ಯವಸ್ಥೆಯನ್ನು ತಮ್ಮೊಳಗೆ ಅಳವಡಿಸಿಕೊಳ್ಳಬೇಕು. ಮೂರ್ಖತನದಿಂದ ಮುರಿದ ಮೂಳೆಗೆ ಬೇರೆಯೇ ಒಂದು ಬಣ್ಣ, ಸಾಧ್ಯವಾದರೆ ಹಸಿರು, ಕೊಡಬೇಕು. ಸುಳ್ಳು ಕೂಡ ಮೈಯೊಳಗೆ ಎಲ್ಲೋ ಕೂತಿರುತ್ತದೆ ತಾನೇ? ಅದೂ ಕಾಣುವಂತೆ ಮಾಡಿದರೆ ಡಾಕ್ಟರು ಮೂರು ಸಲ ಕೇಳುವ ಶ್ರಮ ಉಳಿಯುತ್ತದೆ, ಕೈ ಹಿಡಿದು ಕೂತವರಿಗೂ ಒಳ್ಳೆಯದು.

ಹಲಗೆಗಳ ಗತಿಯನ್ನೂ ತಿಳಿಸಿಬಿಡುತ್ತೇನೆ. ಡಲ್ಸಿ ಮರ್ವ್‌ನ ಹಿತ್ತಲಿಗೆ ತಾನೇ ಹೋಗಿ ಎರಡನ್ನೂ ಹೊತ್ತು ತಂದು ಒಲೆಗೆ ಹಾಕಿದಳು. ಎರಡು ದಿನ ಮನೆ ಬೆಚ್ಚಗಿತ್ತು. ಆಮೇಲೆ, "ನಿಂಗೆ ಮರದ ಹುಚ್ಚು ಬಿಡೋದಿಲ್ಲ. ನೆಲದ ಮೇಲೆ ಕಾಲಿಟ್ಕೊಂಡು ಮಾಡೋ ಪಂದ್ಯ ಯಾವುದೂ ಇಲ್ವಾ?" ಎಂದು ಕೇಳಿದಳು. ಗಂಡಹೆಂಡಿರು ಉದ್ದ ಗರಗಸದ ಎರಡು ತುದಿ ಹಿಡಿದು ದಿಮ್ಮಿ ಕೊಯ್ಯುವ ಪಂದ್ಯ ಇದೆ ಎಂದೆ. ನಲವತ್ತೊಂದು ವರ್ಷ ಗರಗಸದ ಹಲ್ಲು ತೀಡಿದವನು ಗರಗಸದ ಪಂದ್ಯಕ್ಕೆ ಒಮ್ಮೆಯೂ ನಿಂತಿರಲಿಲ್ಲ. ಪಕ್ಕೆಲುಬು ಕೂಡಿವೆಯೆಂದು ವೈದ್ಯರು ಹೇಳಿದ ಮೇಲೆ ಮರ್ವ್‌ನ ಹಿತ್ತಲಲ್ಲೇ ಅಭ್ಯಾಸ ಶುರುವಾಯಿತು. ಗರಗಸವನ್ನು ಎದುರಿನವರ ಕಡೆಗೆ ನೂಕಬಾರದು, ಸರದಿಯ ಮೇಲೆ ತಂತಮ್ಮ ಕಡೆಗೆ ಎಳೆದುಕೊಳ್ಳಬೇಕು. "ನೂಕ್ಬೇಡ ಡಲ್ಸಿ, ಬರೀ ಎಳಿ," ಎಂದೆ. "ನಲವತ್ತೆಂಟು ವರ್ಷದಿಂದ ನಾನೊಬ್ಬಳೇ ಎಳೀತಿದೀನಿ. ಈಗ ನೀನು ಎಳಿ," ಎಂದಳು. ಮರ್ವ್ ಸ್ಟಾಪ್‌ವಾಚನ್ನು ಕೆಳಗಿಟ್ಟು ನಗಲು ಕೂತ.

ಹೊಸ ವರ್ಷದ ದಿನ ಐದು ಜೋಡಿಗಳಲ್ಲಿ ನಾವು ಐದನೆಯವರಾದೆವು. ನಾಲ್ಕನೆಯ ಜೋಡಿ ಮುಗಿಸಿ, ಕೈ ತೊಳೆದು, ಬಿಯರ್ ತೆಗೆದುಕೊಂಡು ಬಂದು ನಮ್ಮನ್ನು ನೋಡುತ್ತ ನಿಂತಿತ್ತು. ನಾವು ಕೊಯ್ದ ಮರದ ಬಿಲ್ಲೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಡಲ್ಸಿ ಬೆವರು ಒರೆಸಿಕೊಂಡು, ಕೂದಲಿನಿಂದ ಮರದ ಪುಡಿ ಕೊಡವಿಕೊಂಡು, ಸಂಘದ ಕಾರ್ಯದರ್ಶಿಯ ಬಳಿ ನೇರ ಹೋಗಿ ಮುಂದಿನ ಪಂದ್ಯ ಯಾವ ಊರಿನಲ್ಲಿ ಎಂದು ಕೇಳಿ, ನನ್ನನ್ನು ಕೇಳದೆಯೇ ಇಬ್ಬರ ಹೆಸರನ್ನೂ ಬರೆಸಿ ಬಂದಳು.

ಇಷ್ಟು ಹೇಳಿ, ತಮ್ಮ ಅಮೂಲ್ಯ ಸಮಯವನ್ನು ಕಬಳಿಸಿದ್ದಕ್ಕೆ ಕ್ಷಮೆ ಕೋರುತ್ತ, ಇನ್ನು ಮುಂದೆ ಕೇಳಿದ್ದಕ್ಕೆ ಮೊದಲ ಸಲವೇ ನಿಜವಾದ ಉತ್ತರ ಕೊಡುತ್ತೇನೆಂದು ಊರೆದುರು ಒಪ್ಪಿಕೊಳ್ಳುತ್ತ,

ತಮ್ಮ ವಿಶ್ವಾಸಿ,
(ಈ ಪದವನ್ನು ಬಳಸುವ ಯೋಗ್ಯತೆ ನನಗಿದೆಯೇ ಎಂಬುದು ಡಲ್ಸಿಯ ಪರಿಶೀಲನೆಯಲ್ಲಿದೆ)
ನೆವಿಲ್ ಬ್ರಾಮಿಚ್, ಪೆಂಗ್ವಿನ್

ತಾ.ಕ.: ತಮ್ಮ ವರದಿಯ ಕಟ್ಟಕಡೆಯಲ್ಲಿ, ಯಾರೂ ಕೇಳದಿದ್ದರೂ, "ಎರಡೂ ಮಂಡಿಗಳಲ್ಲಿ ವಯಸ್ಸಿಗೆ ತಕ್ಕ ಸವೆತ" ಎಂಬ ಒಂದು ಸಾಲು ಸೇರಿಕೊಂಡಿದೆ. ಡಲ್ಸಿ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಮೊನ್ನೆ ಸೇಲಾ ಅಂಗಡಿಯಲ್ಲಿ ಸಿಕ್ಕಿದಾಗ ತಮ್ಮ ವಿಷಯ ಬಂತು. ತಮಗೆ ಹದಿನಾರು ವರ್ಷ ತುಂಬಿತಂತೆ, ಬಿಡಿಭಾಗಗಳು ಸಿಗುವುದಿಲ್ಲವಂತೆ, ಮಾರ್ಚ್ ತಿಂಗಳಲ್ಲಿ ತಮ್ಮ ಜಾಗಕ್ಕೆ ಹೊಸಬರೊಬ್ಬರು ಬರುತ್ತಾರಂತೆ. ನನಗೆ ಎಪ್ಪತ್ತಮೂರು, ಮಾನ್ಯರೇ, ಮತ್ತು ಎಡಗಡೆಯ ಮೂರು ಬಿಡಿಭಾಗಗಳನ್ನು ಕಳೆದ ವರ್ಷವಷ್ಟೇ ಮನೆಯಲ್ಲೇ ತಯಾರಿಸಿಕೊಂಡಿದ್ದೇನೆ.